ಗಾಜಿನ ಬೀದರಿನ ಜಾಸೂಸ

ಮೊನ್ನೆ ನಮ್ಮ ಬಾಗಿಲಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಕೂರಿಸಿ ಹೋದರು. ಬೀದರಿನ ನೌಬಾದಿನ ಈ ಕಟ್ಟಡದಲ್ಲಿ ಯಾರದೋ ಚಪ್ಪಲಿ ಕಳುವಾಗಿವೆಯಂತೆ, ಅದಕ್ಕೆ ಮಹಡಿಗೊಂದು ಕ್ಯಾಮೆರಾ. ಗೋಲಿಯಷ್ಟು ಗಾತ್ರದ ಕರೀ ಗಾಜು. "ಇನ್ನ ಮ್ಯಾಲ ಯಾರ ಬಂದ್ರು, ಯಾರ ಹೋದ್ರು, ಎಲ್ಲಾ ಕಾಣ್ತದ್ರಿ ಅಮ್ಮಾ," ಎಂದ ಕೂರಿಸಲು ಬಂದವನು, ದೊಡ್ಡ ಉಪಕಾರ ಮಾಡಿದವನ ಹಾಗೆ. ನಾನು ಆ ಗಾಜನ್ನೇ ನೋಡುತ್ತ ನಿಂತೆ. ನಗು ಬಂತು. ಅಯ್ಯ ಶಿವನೇ, ಇದನ್ನು ಭಾಲ್ಕಿಯ ವಾಡೆಯಲ್ಲಿ ನಮ್ಮ ಎದುರುಮನೆ ಮಾಸ್ತರರು ಎಂದೋ ಹೇಳಿಬಿಟ್ಟಿದ್ದರಲ್ಲ! ಇದಕ್ಕೆ ಸಾವಿರ ವರ್ಷ ಹಿಡಿಯುತ್ತದೆ ಎಂದುಕೊಂಡಿದ್ದರು ಪಾಪ, ಲೆಕ್ಕದ ಮಾಸ್ತರರಾಗಿಯೂ ಅಷ್ಟೊಂದು ಲೆಕ್ಕ ತಪ್ಪಿದ್ದರು.

ನಾನು ಔರಾದಿನಿಂದ ಸೊಸೆಯಾಗಿ ಆ ವಾಡೆಗೆ ಬಂದದ್ದು ಬೀದರ ಮೈಸೂರು ರಾಜ್ಯಕ್ಕೆ ಸೇರುತ್ತದಂತೆ ಎಂಬ ಮಾತು ಎದ್ದಿದ್ದ ಕಾಲದಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಐದು ಮನೆ. ಐದು ಮನೆ ಎನ್ನುವುದು ಬಾಯಿಮಾತಿಗೆ. ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯಿಂದ "ನೂರು ವರ್ಷ ಬಾಳು" ಎಂಬ ಹರಕೆ ಬರುತ್ತಿತ್ತು. ಗಂಡ ಹೆಂಡತಿ ಒಳಗೆ ಪಿಸುಮಾತಿನಲ್ಲಿ ಜಗಳಾಡಿದರೂ ಬೆಳಿಗ್ಗೆ ಬಾವಿಯ ಹತ್ತಿರ ತೀರ್ಪು ತಯಾರಿರುತ್ತಿತ್ತು. ಯಾರ ಮನೆಯ ಹಿಟ್ಟು ತೀರಿದೆ, ಯಾರ ಮನೆಗೆ ಬೀಗರು ಬರುವವರಿದ್ದಾರೆ, ಯಾವ ಸೊಸೆ ಮುನಿಸಿಕೊಂಡು ಉಂಡಿಲ್ಲ, ಎಲ್ಲವೂ ಎಲ್ಲರಿಗೂ ಗೊತ್ತು. ಗುಟ್ಟು ಎಂಬ ಪದಾರ್ಥವನ್ನು ಆ ವಾಡೆಯಲ್ಲಿ ಇಡಲು ಜಾಗವೇ ಇರಲಿಲ್ಲ.

ಮಾಸ್ತರರು ನಮ್ಮ ಎದುರಿನ ಮನೆಯವರು. ತೆಳ್ಳಗಿನ ಆಳು, ವಯಸ್ಸು ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ, ಆದರೂ ನಡೆಯುವ ಗತ್ತು ಮುದುಕರದು. ಹುಟ್ಟಿದ್ದು ಅದೇ ವಾಡೆಯಲ್ಲಿ. ಸಾಲಿಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು, ಮನೆಯೊಳಗೆ ಹೆಂಡತಿಯೊಡನೆ ಮರಾಠಿ, ಅಂಗಳಕ್ಕೆ ಬಂದರೆ ನಮ್ಮ ಕನ್ನಡ. ಸಿಟ್ಟು ಬಂದರೆ ಮೂರೂ ಕೂಡಿ ಬರುತ್ತಿದ್ದವು. ಅವರಿಗಿದ್ದ ಚಟ ಒಂದೇ, ಜಾಸೂಸರ ಕಥೆ. ಕೊಲೆ, ಕಳವು, ವೇಷ ಮರೆಸಿಕೊಂಡು ಹಿಂಬಾಲಿಸುವ ಪತ್ತೇದಾರ. ಅಂಥ ಉರ್ದು ಪುಸ್ತಕ ಹೈದರಾಬಾದಿನಿಂದ ಯಾರಾದರೂ ತಂದುಕೊಟ್ಟರೆ ಮಾಸ್ತರರಿಗೆ ಆ ದಿನ ಊಟ ಬೇಡ. ಅವರ ಹೆಂಡತಿಯನ್ನು ನಾವೆಲ್ಲ ವಹಿನಿ ಎನ್ನುತ್ತಿದ್ದೆವು. ವಹಿನಿ ಹಣೆ ಬಡಿದುಕೊಂಡು, "ಅಗಬಾಯಿ! ಈ ಮನಷ್ಯಾಗ ಅನ್ನಕ್ಕಿಂತ ಹೆಣಾನೇ ರುಚಿ ನೋಡ್ರಿ," ಎಂದು ಅಂಗಳಕ್ಕೆಲ್ಲ ದೂರುತ್ತಿದ್ದಳು.

ಆಮೇಲೆ ನಮ್ಮ ಹೈದರಾಬಾದ ರಾಜ್ಯ ಒಡೆಯುವ ಸುದ್ದಿ ಗಟ್ಟಿಯಾಯಿತು. ಉದಗೀರ ಮುಂಬಯಿಗೆ, ಜಹೀರಾಬಾದ ಆಂಧ್ರಕ್ಕೆ, ನಾವು ಮೈಸೂರಿಗೆ. ಮೂಲೆಮನೆಯ ಆಯಿ ವಾಡೆಗೆಲ್ಲ ಹಿರಿಯಳು. ಅವಳಿಗೆ ಈ ಲೆಕ್ಕ ಕಡೆತನಕ ಹತ್ತಲಿಲ್ಲ. "ಉದಗೀರ ಮುಂಬಯಿಗಿ ಹ್ಯಾಂಗ ಹೋತ್ರೇ? ನಿನ್ನಿ ನನ್ನ ತಮ್ಮ ಅಲ್ಲಿಂದೇ ಬಂದಾನ. ಊರು ಇದ್ದಲ್ಲೇ ಅದಂತ ಹೇಳ್ಯಾನ," ಎಂದು ವಾದ ಹೂಡಿದಳು. ನಾವು ನಕ್ಕೆವು, ಮಾಸ್ತರರು ನಗಲಿಲ್ಲ. ಕನ್ನಡ ಓದು ಬರಹದ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಪಾಸಾಗದ ಉರ್ದು ಮಾಸ್ತರರನ್ನು ಗಡಿಯ ಆಚೆ ಉದಗೀರದ ಕಡೆ ಅಟ್ಟುತ್ತಾರೆ ಎಂದು ಸಾಲಿಯಲ್ಲಿ ಮಾತಾಗಿತ್ತು. ಮಾಸ್ತರರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಮಾತು ಬೇಕಾದಷ್ಟು, ಅಕ್ಷರ ಸೊನ್ನೆ.

"ಉದಗೀರೇನು ದೂರ ಅದ? ರೈಲ ಹತ್ತಿದ್ರ ಬಂತು," ಎಂದಳು ವಹಿನಿ. ಅವಳ ತವರು ಆ ಕಡೆಯದೇ, ಒಳಗೊಳಗೇ ಖುಷಿ. ಮಾಸ್ತರರು ಬಾವಿಕಟ್ಟೆಯ ಮೇಲೆ ಕುಸಿದು ಕೂತರು. "ದೂರದ ಮಾತಲ್ಲ. ಇಲ್ಲಿ ಹುಟ್ಟೇನಿ. ಇಲ್ಲಿ ಮಂದೀಗಿ ನನ್ನ ಖೂನ ಅದ. ಅಲ್ಲಿ ನನ್ನ ಖೂನ ಯಾರಿಗದ?" ಎಂದರು. ನನಗೆ ಅವರ ಮೇಲೆ ಅಂತಃಕರಣ ಹುಟ್ಟಿದ್ದು ಆಗಲೇ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಖೂನ ಎಂದರೆ ಗುರುತು. 'ನನ್ನ ಖೂನ ಹಿಡಿದ್ರೇನು' ಎಂದರೆ ನನ್ನನ್ನು ಗುರುತಿಸಿದಿರಾ ಎಂದು. ಉರ್ದುವಿನ ಖೂನ್ ಎಂದರೆ ಮಾತ್ರ ರಕ್ತ, ಕೊಲೆ. ಎರಡೂ ಒಂದೇ ಬಾಯಿಂದ ದಿನವೂ ಬರುತ್ತಿದ್ದರೂ ಒಬ್ಬರಿಗೂ ಗೊಂದಲವಾದದ್ದಿಲ್ಲ. ನಮಗೆ ಗೊಂದಲವಾಗಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ.

ವಾಡೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಔರಾದಿನಲ್ಲಿ ನನ್ನ ಅಪ್ಪ ಹಟಕ್ಕೆ ಬಿದ್ದು ಮನೆಯಲ್ಲೇ ಕಲಿಸಿದ್ದ. ಅದೂ ಅಷ್ಟಕ್ಕಷ್ಟೇ, ಶ ಯಾವುದು ಷ ಯಾವುದು ಎಂದು ಇಂದಿಗೂ ನನ್ನನ್ನು ಕೇಳಬೇಡಿ. ಅತ್ತೆ ಒಪ್ಪಿಗೆ ಕೊಟ್ಟಳು, ಕರಾರಿನೊಂದಿಗೆ: ಸೊಸೆ ಹೊಸ್ತಿಲು ದಾಟಬಾರದು, ತಲೆಯ ಮೇಲಿನ ಸೆರಗು ಜಾರಬಾರದು, ಮಾಸ್ತರರ ಕಡೆ ಮುಖ ಮಾಡಬಾರದು. ಹೀಗಾಗಿ ನಾನು ಬಾಗಿಲ ಒಳಗೆ, ಗೋಡೆಯ ಕಡೆ ತಿರುಗಿ. ಅವರು ಹೊರಗೆ ಕಟ್ಟೆಯ ಮೇಲೆ, ಬಾವಿಯ ಕಡೆ ತಿರುಗಿ. ನಡುವೆ ಪಾಟಿ ಸಾಗಿಸಲು ಆಯಿ. ಅಕ್ಷರ ತಿಳಿಯದ ಆಯಿ ಪಾಟಿಯನ್ನು ತಲೆಕೆಳಗಾಗಿ ತಂದುಕೊಟ್ಟು, ನಾನು ತಪ್ಪು ಎಂದರೆ, "ನೀ ತೆಪ್ಪಗಿರವ್ವ, ಎಷ್ಟು ಛಂದ ಬರ್ದಾನ ಹುಡುಗ," ಎಂದು ಪಾಸು ಮಾಡುತ್ತಿದ್ದಳು.

ಬಿಡಿ ಅಕ್ಷರ ಕೈಗೆ ಹತ್ತಿದ ಮೇಲೆ ಮೊದಲ ಪದವೆಂದು 'ಕಮಲ' ಬರೆಯಲು ಹೇಳಿದೆ. ಪಾಟಿ ಒಳಗೆ ಬಂತು. 'ಲಮಕ' ಎಂದಿತ್ತು. ಉರ್ದುವಿನ ಕೈ ನೋಡಿ, ಬಲಗಡೆಯಿಂದ ಶುರುಮಾಡಿದ್ದರು! ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಅದು ಐದೂ ಮನೆಗೆ ಕೇಳಿಸಿತು. ಮರುದಿನ ನೀರು ಸೇದಲು ಬಂದವರೆಲ್ಲ ಮಾಸ್ತರರಿಗೆ "ಲಮಕ ಹ್ಯಾಂಗದ್ರಿ?" ಎಂದು ಕೇಳಿದ್ದೇ ಕೇಳಿದ್ದು.

ಅಕ್ಷರ ಕೂಡಿಸಲು ಬಂದ ಮೇಲೆ ಒಂದು ಸಂಜೆ ಅವರೇ ಹೇಳಿದರು. "ತಂಗೀ, ಕಮಲ, ಕಲಶ ಬರ್ದು ಬರ್ದು ಬ್ಯಾಸರಾತು. ನಾ ಒಂದು ಜಾಸೂಸನ ಕಥಿ ಕಟ್ತೇನಿ. ಬಾಯಿಲೇ ಹೇಳ್ತೇನಿ, ಆಮ್ಯಾಲ ಬರೀತೇನಿ, ನೀ ತಿದ್ದು."

ಹಾಗೆ ಶುರುವಾಯಿತು ಗಾಜಿನ ಬೀದರಿನ ಕಥೆ. ಸಾವಿರ ವರ್ಷ ಆದಮೇಲಿನ ಬೀದರ. ಕೋಟೆ ಗಾಜಿನದು, ಮನೆ ಗಾಜಿನವು, ಗೋಡೆ ಛಾವಣಿ ಎಲ್ಲ ಗಾಜು. ಚಿದ್ರಿಯಲ್ಲಿ ಒಗ್ಗರಣೆ ಹಾಕಿದರೆ ಮನ್ನಳ್ಳಿಯವರಿಗೆ ಕಾಣುತ್ತದೆ. ಗುಟ್ಟು ಮಾಡುವುದೇ ಗುನ್ನೆ. ಯಾರೂ ಸುಳ್ಳು ಹೇಳುವಂತಿಲ್ಲ, ಯಾರೂ ಕದಿಯುವಂತಿಲ್ಲ, ಹಾಗಾಗಿ ಊರಿನ ಜಾಸೂಸನಿಗೆ ಕೆಲಸವೇ ಇಲ್ಲ. ಬೀದಿಯಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಾನೆ.

"ಗಾಜಿನ ಮನಿ ಅಂತೀರಿ, ಜಳಕ ಎಲ್ಲಿ ಮಾಡ್ತಾರ್ರಿ?" ಎಂದು ಕೇಳಿದಳು ನನ್ನ ಅತ್ತೆ. ಮಾಸ್ತರರ ಕಿವಿ ಕೆಂಪಾದವಂತೆ. "ಅದರದು ಇನ್ನಾ ವಿಚಾರ ಮಾಡಿಲ್ರಿ ಅವ್ವಾ..." ಎಂದು ಪಾಟಿ ಬಿಟ್ಟು ಒಳಗೆ ಹೋದರು.

ಮರುದಿನ ಬಂದಾಗ ಉಪಾಯ ಸಿಕ್ಕಿತ್ತು. ಆ ಊರಲ್ಲಿ ದಿನಕ್ಕೊಮ್ಮೆ ಭೋಂಗಾ, ಗಿರಣಿಯ ಸೈರನ್ನಿನಂಥದ್ದು, ಕೂಗುತ್ತದೆ. ಅದು ಮರ್ಯಾದಿ ಹೊತ್ತು. ಊರಿಗೆ ಊರೇ ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿಕೊಂಡೇ ಜಳಕ, ಕಣ್ಣು ಮುಚ್ಚಿಕೊಂಡೇ ಬಟ್ಟೆ. ಮತ್ತೆ ಭೋಂಗಾ ಕೂಗಿದ ಮೇಲೆಯೇ ಕಣ್ಣು ತೆರೆಯುವುದು. ಅತ್ತೆ ತಲೆಯಾಡಿಸಿದಳು, ಸಮಾಧಾನವಾಯಿತು. ನಾವೂ ಆ ಮಾತು ಅಲ್ಲಿಗೆ ಬಿಟ್ಟೆವು.

ಆಮೇಲೆ ಆ ಊರಲ್ಲಿ ಕೊಲೆಗಳು ಶುರುವಾದವು. ಮೊದಲು ಪೇಡಾ ಅಂಗಡಿಯವ, ಆಮೇಲೆ ಒಬ್ಬ ಸೂಲಗಿತ್ತಿ, ಆಮೇಲೆ ಒಬ್ಬ ಹಾಡುಗಾರ... ಜಾಸೂಸ ಶೇಂಗಾ ಬಿಟ್ಟು ಎದ್ದ. ಊರವರನ್ನು ಕೇಳಿದರೆ ಎಲ್ಲರೂ ನಾ ಕಂಡೆ, ನಾ ಕಂಡೆ ಎನ್ನುವವರೇ. ಗುಟ್ಟು ಗುನ್ನೆಯಾದ ಊರಲ್ಲಿ ಕಂಡಿಲ್ಲ ಎನ್ನಲು ಯಾರಿಗೆ ಧೈರ್ಯ? ಒಬ್ಬ ಕೊಂದವನು ಉದ್ದ ಎಂದ, ಒಬ್ಬಳು ಗಿಡ್ಡ ಎಂದಳು, ಒಬ್ಬ ಗಡ್ಡ ಇತ್ತು ಎಂದ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲವಲ್ಲ, ಹಾಗಾಯಿತು. ಜಾಸೂಸ ತಲೆ ಹಿಡಿದುಕೊಂಡು ಅಂದನಂತೆ: "ಸಾಕ್ಷಿ ಇಲ್ಲದ ಖೂನು ನಾ ಹಿಡೀತೇನಿ. ಊರೆಲ್ಲ ಸಾಕ್ಷಿ ಇದ್ದದ್ದು ಹ್ಯಾಂಗ ಹಿಡೀಲಿ?"

ವಾಡೆಗೆ ಹುಚ್ಚು ಹಿಡಿಯಿತು. ರೊಟ್ಟಿ ಬಡಿಯುವಾಗ, ಬಾವಿಗೆ ಕೊಡ ಇಳಿಬಿಡುವಾಗ, ಕೊಂದವನು ಯಾರು ಎಂಬ ಮಾತೇ. ಇಡೀ ದಿನ ಮಂದಿಯ ಮನೆ ಇಣುಕುವ ಒಬ್ಬ ಮುದುಕಿ ಕಥೆಯಲ್ಲಿ ಬಂದಳು. ಹೆಸರು ಹೇಳಿರಲಿಲ್ಲ. ನನ್ನ ಅತ್ತೆ ಪಟ್ಟನೆ ಎದ್ದು, "ನಾ ಯಾರ ಮನ್ಯಾಗ ಇಣಿಕೇನ್ರಿ? ಹೇಳ್ರಿ ನೋಡೋಣ!" ಎಂದು ಜಗಳಕ್ಕೆ ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಾಸ್ತರರ ಮನೆಗೆ ನಮ್ಮ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಹೋಗುವುದು ನಿಂತಿತು. ಅದಿಲ್ಲದೆ ಅವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ನಾಲ್ಕು ದಿನಕ್ಕೆ ಆ ಮುದುಕಿ ಕಥೆಯಲ್ಲಿ ಕಾಶಿಯಾತ್ರೆಗೆ ಹೊರಟುಹೋದಳು, ಹಿಂಡಿ ಮತ್ತೆ ಬಂತು.

ಅಷ್ಟರಲ್ಲಿ ಪರೀಕ್ಷೆಯೂ ಬಂತು. ಬೀದರಿನಲ್ಲಿ. ಐದೂ ಮನೆಯವರು ಮೊಸರು ಸಕ್ಕರೆ ಕೊಟ್ಟು ಕಳಿಸಿದೆವು. ವಹಿನಿಯೂ ದೇವರಿಗೆ ದೀಪ ಹಚ್ಚಿದಳು, ಏನು ಬೇಡಿಕೊಂಡಳೋ ನಾವು ಕೇಳಲಿಲ್ಲ. ಅಲ್ಲಿ ನಡೆದದ್ದನ್ನು ಮಾಸ್ತರರೇ ಮರಳಿ ಬಂದು ಅಂಗಳದಲ್ಲಿ ಕುಣಿದು ತೋರಿಸಿದರು.

ಬರವಣಿಗೆಯಲ್ಲಿ ರಜೆಯ ಅರ್ಜಿ ಬರೆಯಲು ಕೇಳಿದ್ದರು. ಮಾಸ್ತರರು, 'ನನಗೆ ನಾಳೆ ರಜೆ ಬೇಕಾಗಿದೆ. ಕಾರಣ ನಮ್ಮ ವಾಡೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ' ಎಂದು ಬರೆದು ಸಹಿ ಹಾಕಿದ್ದರು. ಅದು ಎಡದಿಂದ ಬಲಕ್ಕೇ ಇತ್ತು, ಅದೊಂದು ಪುಣ್ಯ.

ಆಮೇಲೆ ಬಾಯಿಮಾತಿನ ಪರೀಕ್ಷೆ. ಪರೀಕ್ಷಕರು ಮೈಸೂರಿನ ಕಡೆಯ ಹಿರಿಯರು, ಸಾಧು ಸ್ವಭಾವ, ನಮ್ಮ ಭಾಗಕ್ಕೆ ಅದೇ ಮೊದಲ ಸಲ ಬಂದವರು. ಮಾಸ್ತರರು ಬೆವರುವುದನ್ನು ಕಂಡು ಧೈರ್ಯ ತುಂಬಲು, "ಹೆದರಬೇಡಿ. ನಾನು ಯಾರು ಅಂತ ಗೊತ್ತೇ ನಿಮಗೆ?" ಎಂದು ಕೇಳಿದರು.

ಮಾಸ್ತರರು ಕೈ ಮುಗಿದು ವಿನಯದಿಂದ ಅಂದರು: "ಇಲ್ರಿ ಸಾಹೇಬ್ರ. ನಿಮ್ಮ ಖೂನ ಇನ್ನಾ ಆಗಿಲ್ರಿ. ಇವತ್ತ ಆಗ್ತದ್ರಿ."

ಪರೀಕ್ಷಕರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಒಮ್ಮಿ ಭಾಲ್ಕಿಗಿ ಬರ್ರಿ ಸಾಹೇಬ್ರ. ನಮ್ಮ ವಾಡೇದಾಗ ಹೆಣ್ಮಕ್ಕಳು ಸುದ್ದಾ ಖೂನ ಹಿಡಿಯೋದರಾಗ ಭಾಳ ಹುಷಾರ್ರಿ. ಒಮ್ಮಿ ಒಳಗ ಬಂದ್ರ, ಖೂನ ಮಾಡ್ಕೊಳ್ದ ಯಾರಿಗೂ ಹೊರಗ ಬಿಡಂಗಿಲ್ರಿ."

ಆ ಪುಣ್ಯಾತ್ಮರು ಎದ್ದೇ ನಿಂತರಂತೆ. "ಯಾರಲ್ಲಿ! ಯಾರ್ರೀ ಅಲ್ಲಿ!" ಎಂದು ಕೂಗಿದರಂತೆ. ಬಾಗಿಲಲ್ಲಿದ್ದ ಜವಾನ ಓಡಿಬಂದ. ಅವನು ಬೀದರಿನವನೇ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಸಾಹೇಬ್ರ, ಖೂನ ಅಂದ್ರ ನಮ್ಮ ಕಡಿ ಗುರ್ತು ಅಂತ್ರಿ. ಕೊಲಿ ಅಲ್ರಿ," ಎಂದು ಬಿಡಿಸಿ ಹೇಳಿದ. ಪರೀಕ್ಷಕರು ಬೆವರು ಒರೆಸಿಕೊಂಡು ಕೂತರು. ನೀರು ಕುಡಿದರು. ಒಂದು ಕಥೆ ಹೇಳಿ ಮುಗಿಸಿ ಎಂದರು. ಮಾಸ್ತರರು ಗಾಜಿನ ಬೀದರ ಶುರುಮಾಡಿದರು. "ಆ ಊರಾಗ ಒಂದರ ಮ್ಯಾಲ ಒಂದು ಖೂನ ಆಗ್ಲಿಕತ್ತವ್ರಿ..."

"ಗುರುತಾಗಲು ಶುರುವಾಯಿತು. ಸರಿ, ಮುಂದೆ?" ಎಂದರು ಪರೀಕ್ಷಕರು, ಕಲಿತ ಜಾಣತನದಿಂದ.

"ಅಲ್ರಿ ಸಾಹೇಬ್ರ, ಇದು ಖರೇ ಖೂನ್ರಿ. ಹೆಣ ಬೀಳ್ತಾವ್ರಿ."

ಪಾಪ, ಆ ಮನುಷ್ಯ ಜವಾನನನ್ನು ಹೊರಗೆ ಕಳಿಸದೆ ಪಕ್ಕದಲ್ಲೇ ಕೂರಿಸಿಕೊಂಡು ಕಥೆ ಕೇಳಿದರಂತೆ. ಪ್ರತಿ ಖೂನಕ್ಕೂ ಅವನ ಮುಖ ನೋಡುವುದು, ಅವನು ಗುರುತು, ಕೊಲೆ ಎಂದು ಹೇಳುವುದು. ಕೊನೆಗೆ ಕೊಂದವನು ಯಾರು ಎಂಬಲ್ಲಿಗೆ ಬಂದಾಗ ಇಬ್ಬರೂ ಮೇಜಿನ ಮೇಲೆ ಬಾಗಿಬಿಟ್ಟಿದ್ದರಂತೆ. ನಮಗೂ ಆ ಸಂಜೆಯೇ ಉತ್ತರ ತಿಳಿದದ್ದು.

ಕೊಂದವನು ಭೋಂಗಾ ಕೂಗಿಸುವವನು. ಊರೆಲ್ಲ ಕಣ್ಣು ಮುಚ್ಚಿದಾಗ ಅವನೊಬ್ಬ ಮುಚ್ಚುವಂತಿಲ್ಲ, ಗಡಿಯಾರ ನೋಡಬೇಕಲ್ಲ! ಆ ಊರಲ್ಲಿ ಯಾರ ಕಣ್ಣಿಗೂ ಬೀಳದೆ ಒಂದು ಗಳಿಗೆ ಇರಬಲ್ಲವನು ಅವನೊಬ್ಬನೇ. ಆ ಹೊತ್ತಿನಲ್ಲಿ ಅವನು ಒಬ್ಬನೇ ಕೂತು ಅಳುತ್ತಿದ್ದ, ಇಲ್ಲವೇ ಸುಮ್ಮನೆ ಕುಣಿಯುತ್ತಿದ್ದ. ಕದ್ದು ಕಣ್ಣು ತೆರೆದು ಅದನ್ನು ಕಂಡವರನ್ನು ಅದೇ ಮರ್ಯಾದಿ ಹೊತ್ತಿನಲ್ಲೇ ಕೊಂದ. ಮಾಸ್ತರರು ಹೇಳಿ ಮುಗಿಸಿದರು. ಆಮೇಲೆ ವಹಿನಿ ಮೆಲ್ಲಗೆ, "ಪಾಪ... ಬಿಟ್ಟುಬಿಡ್ರಿ ಅವನ್ನ," ಎಂದಳು. ಹೆಂಗಸರೆಲ್ಲ ಒಪ್ಪಿದೆವು. ಮೂರು ಕೊಲೆ ಮಾಡಿದವನನ್ನು ನಮ್ಮ ವಾಡೆ ಒಮ್ಮತದಿಂದ ಬಿಡುಗಡೆ ಮಾಡಿತು.

ಮಾಸ್ತರರು ಪಾಸಾದರು. ಆಯಿ ಅವರ ದೃಷ್ಟಿ ತೆಗೆದಳು, ಅತ್ತೆ ಹುಗ್ಗಿ ಮಾಡಿದಳು. ಇನ್ನು ಅವರನ್ನು ಭಾಲ್ಕಿಯಿಂದ ಅಲುಗಿಸುವವರು ಯಾರು ಎಂದು ನಾನೂ ಬೀಗಿದೆ.

ಬೇಡಿದ್ದೊಂದು, ಆದದ್ದೊಂದು. ನಾಪಾಸಾದ ಅವರ ಜೊತೆಯ ಮಾಸ್ತರನೊಬ್ಬ ಉದಗೀರಕ್ಕೆ ಹೋದ. ರವಿವಾರ ಬಂತೆಂದರೆ ರೈಲಿನಲ್ಲಿ ಮನೆಗೆ ಬಂದು, ಉಂಡು, ಮಲಗಿ, ಮೀಸೆ ತಿರುವಿಕೊಂಡು ಹೋಗುತ್ತಿದ್ದ. ಪಾಸಾದ ನಮ್ಮ ಮಾಸ್ತರರಿಗೆ ಹೊಸ ರಾಜ್ಯದ ಹುಕುಂ ಬಂತು. ರಾಜ್ಯ ಈಗ ದೊಡ್ಡದಲ್ಲವೇ? ಕನ್ನಡವೂ ಬರುತ್ತದೆ, ಉರ್ದುವೂ ಬರುತ್ತದೆ, ಅಂಥವರು ಬೇಕಾಗಿದ್ದಾರೆ ಎಂದು ಚಾಮರಾಜನಗರದ ಕಡೆಯ ಸಾಲಿಗೆ ಹಾಕಿದ್ದರು. ಅದು ಎಲ್ಲಿದೆ ಎಂದು ವಾಡೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಕಾಶೆಯಲ್ಲಿ ಹುಡುಕಿದರು, ನಾವು ಈ ತುದಿಯಲ್ಲಿ, ಅದು ಆ ತುದಿಯಲ್ಲಿ.

ಸ್ಟೇಶನ್ನಿಗೆ ಇಡೀ ವಾಡೆ ಹೋಗಿತ್ತು. ಅಂದು ಅತ್ತೆಯ ಕರಾರು ಯಾರಿಗೂ ನೆನಪಾಗಲಿಲ್ಲ, ನಾನು ಡಬ್ಬಿಯ ಕಿಟಕಿಯ ಎದುರಿಗೇ ನಿಂತಿದ್ದೆ. ಮಾಸ್ತರರ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವರು ನಗಲು ನೋಡಿದರು. "ನಾಪಾಸ ಆಗಿದ್ರ ಬೇಷಿತ್ತು ತಂಗೀ. ನೀ ಸುಳ್ಳೇ ಅಷ್ಟು ಛಲೋ ಕಲಿಸಿದಿ." ವಹಿನಿ ಒಳಗೆ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ರೈಲು ಹೋದಮೇಲೆ ನಾನು ಅತ್ತದ್ದಕ್ಕಿಂತ ಅತ್ತೆ ಅತ್ತದ್ದೇ ಹೆಚ್ಚು.

ಅದಾದ ಮೇಲೆ ಅವರು ಬಂದದ್ದು ಒಂದೇ ಸಲ, ಭಾಲ್ಕಿಯಲ್ಲೇ ಉಳಿದಿದ್ದ ತಮ್ಮ ಅಣ್ಣನ ಮಗನ ಮದುವೆಗೆ. ಅಂಗಳಕ್ಕೆ ಕಾಲಿಟ್ಟವರೇ, "ಏನಮ್ಮಾ, ಚೆನ್ನಾಗಿದ್ದೀರಾ? ಊಟ ಆಯ್ತಾ?" ಎಂದರು. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾವ ಊರಿನ ಸಾಹೇಬ್ರವ್ವ ಇವರು?" ಎಂದಳು. ನಕ್ಕು ನಕ್ಕು ಸಾಕಾಯಿತು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ನಮ್ಮ ಮಾತಿಗೇ ಮರಳಿದರು. "ಮಂದಿ ಭಾಳ ಛಲೋ ಅದಾರ. ಮರ್ಯಾದಸ್ತರು. ಬಾಗಿಲ ಬಡದು ಹೊರಗೇ ನಿಂದರ್ತಾರ. ಆದ್ರ ಇಷ್ಟು ವರ್ಷದಾಗ, ಮಾಸ್ತರ ಮನ್ಯಾಗ ಇವತ್ತೇನು ಅಡಿಗಿ ಅಂತ ಒಬ್ಬರೂ ಕೇಳಿಲ್ಲ ನೋಡ್ರಿ," ಎಂದರು. ನನ್ನ ಅತ್ತೆ ಕೂಡಲೇ, "ಏನು ಮಾಡಿದ್ರಿ ಹೇಳ್ರಿ ಮತ್ತ?" ಎಂದು ಕೇಳಿದಳು. ಆ ಮನುಷ್ಯ ಅಲ್ಲೇ ಕೂತು, ದಕ್ಷಿಣದ ಸೊಪ್ಪಿನ ಸಾರಿನಿಂದ ಹಿಡಿದು ರಾಗಿ ಮುದ್ದೆಯವರೆಗೆ, ಅಷ್ಟೂ ವರ್ಷದ ಅಡುಗೆಯನ್ನು ಹೇಳುತ್ತಾ ಹೋದರು...

ಕ್ಯಾಮೆರಾ ಕೂರಿಸಿದ ದಿನ ನನಗೆ ತಡೆಯಲಾಗಲಿಲ್ಲ. ನಿಮ್ಮ ಊರು ಬಂತ್ರಿ ಮಾಸ್ತರ, ಬಂದು ನೋಡ್ರಿ ಎಂದು ಹೇಳಬೇಕೆನಿಸಿತು. ಭಾಲ್ಕಿಯಲ್ಲಿ ಅವರ ಅಣ್ಣನ ಮೊಮ್ಮಗ ಇದ್ದಾನೆ, ಅವರೊಡನೆ ಮಾತುಕತೆ ನಿಂತು ವರ್ಷಗಳಾಗಿವೆ. ಅವನ ಹಳೆಯ ವಹಿಯಲ್ಲಿದ್ದ ನಂಬರು ತರಿಸಿಕೊಟ್ಟು ನನ್ನ ಮಗಳು ತಾನು ಕಲಿಸುವ ಸಾಲಿಗೆ ಹೋದಳು. ಮಧ್ಯಾಹ್ನ ನಾನೇ ಫೋನು ಮಾಡಿದೆ. ಎತ್ತಿದ್ದು ಮಾಸ್ತರರ ಮಗಳು. ಅಲ್ಲೇ ಹುಟ್ಟಿ ಬೆಳೆದವಳು, ಆ ಕಡೆಯ ಮಾತು.

"ಅಪ್ಪ ಹೋಗಿ ಆರು ತಿಂಗಳಾಯ್ತಮ್ಮ. ಆ ಕಡೆ ಯಾರಿಗೆ ತಿಳಿಸಬೇಕು ಅಂತಲೇ ನಮಗೆ ಗೊತ್ತಾಗ್ಲಿಲ್ಲ," ಎಂದಳು.

ಆರು ತಿಂಗಳು! ವಾಡೆಯಲ್ಲಿ ಬೆಕ್ಕು ಮರಿ ಹಾಕಿದರೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವುದರೊಳಗೆ ಐದು ಮನೆಗೂ ಗೊತ್ತಾಗುತ್ತಿತ್ತು. ಮಾಸ್ತರರು ಹೋದದ್ದು ನನಗೆ ಗೊತ್ತಾಗಲು ಆರು ತಿಂಗಳು ಹಿಡಿಯಿತು, ಅದೂ ನಾನಾಗಿ ಕೇಳಿದ್ದಕ್ಕೆ. ಫೋನು ಇಟ್ಟು, ಮುದಿ ವಯಸ್ಸು ಎಂದು ನೋಡದೆ ದನಿ ತೆಗೆದು ಅತ್ತೆ. ಪಕ್ಕದ ಮನೆಯಲ್ಲಿ ಟೀವಿ ನಡೆದೇ ಇತ್ತು, ಮೇಲಿನ ಮನೆಯಲ್ಲಿ ಯಾರೋ ಓಡಾಡುತ್ತಿದ್ದರು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಎದ್ದು ಹೋಗಿ, ಬಾಗಿಲು ಪೂರಾ ತೆರೆದಿಟ್ಟು, ಹೊಸ್ತಿಲಲ್ಲಿ ಕೂತು, ಮೊದಲಿನಿಂದ ಅಳಲು ಶುರುಮಾಡಿದೆ.